ಊರಿನ ಹಳೆಯ ಹೆಸರು ಮತ್ತು ಶೋಧಯಂತ್ರ

ಪಾಂಡವಪುರದ ಚರಿತ್ರೆಯನ್ನು ಅಂತರಜಾಲದಲ್ಲಿ ಹುಡುಕುತ್ತಿದ್ದೀರಾ? ಆ ಹೆಸರೊಂದನ್ನೇ ಬೆರಳಚ್ಚಿಸಿದರೆ ಸಾಲದು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಹಾಗಾಗಿ ಬ್ರಿಟಿಷರ ಬರಹಗಳಲ್ಲಿ ಅದು 'ಫ್ರೆಂಚ್ ರಾಕ್ಸ್'. ಕನ್ನಡದಲ್ಲಿ 'ಹಿರೋಡೆ' ಎಂಬ ಹೆಸರೂ ಇತ್ತು. ಕೃಷ್ಣರಾಜಪೇಟೆ 19ನೆಯ ಶತಮಾನದ ದಾಖಲೆಗಳಲ್ಲಿ 'ಅತ್ತಿಕುಪ್ಪ'. ಈಗ ಎಲ್ಲರ ಬಾಯಲ್ಲಿ ಕೆ.ಆರ್.ಪೇಟೆ. 1799ರ ಯುದ್ಧದ ಇಂಗ್ಲಿಷ್ ವರದಿಗಳು ಬೇಕೆ? ಶ್ರೀರಂಗಪಟ್ಟಣವನ್ನು ಬಿಟ್ಟು 'ಸೆರಿಂಗಪಟಂ' ಎನ್ನಬೇಕು. ನಾಗಮಂಗಲದ ತೊಡಕು ಬೇರೆಯದು. ಅಲ್ಲಿನ ಶಿಲ್ಪಿಗಳು ಲೋಹದ ವಿಗ್ರಹ ಎರಕ ಹೊಯ್ಯುತ್ತಾರೆ. ಕೊಳ್ಳುವವರು ಹುಡುಕುವುದು ವಿಗ್ರಹವನ್ನು, ಊರನ್ನಲ್ಲ.

ಹುಡುಕುವವರನ್ನು ಮಾರುವವರ ಬಳಿಗೆ ತಲಪಿಸುವುದೇ ಒಂದು ವೃತ್ತಿಯಾಗಿ ಬೆಳೆದಿದೆ. ಅದರಲ್ಲಿರುವವರಿಗೆ ಕಲಿತದ್ದು ಬೇಗ ಹಳತಾಗುತ್ತದೆ. 2013ರಲ್ಲಿ ಗೂಗಲ್ 'ಹಮ್ಮಿಂಗ್‌ಬರ್ಡ್' ಕ್ರಮವನ್ನು ತಂದು, ಬಿಡಿ ಪದಗಳಿಗಿಂತ ಪ್ರಶ್ನೆಯ ಅರ್ಥಕ್ಕೆ ಹೆಚ್ಚು ಬೆಲೆ ಕೊಟ್ಟಿತು. ಕನ್ನಡಕ್ಕೆ ಇನ್ನೊಂದು ಪೇಚು: 1991ರಲ್ಲೇ ಯೂನಿಕೋಡ್‌ನಲ್ಲಿ ನಮ್ಮ ಲಿಪಿಗೆ ಸ್ಥಾನ ಸಿಕ್ಕಿದ್ದರೂ ಬಹುಕಾಲ ಬೇರೆ ಬೇರೆ ಸಂಕೇತಗಳ ಫಾಂಟುಗಳಲ್ಲೇ ಬರೆದೆವು. ಆ ಪುಟಗಳು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಅಕ್ಷರರಾಶಿ!

ಇಂಥ ಬದಲಾವಣೆಗಳು ಸಹೋದ್ಯೋಗಿಗಳ ಒಡನಾಟದಿಂದ ತಿಳಿದಾವು. ಆದರೆ ಊರಿನ ಹೆಸರುಗಳಿಗೆ ಊರಿನವರೇ ಬೇಕು. ಪದಗಳ ಪಟ್ಟಿ ಕೊಡುವ ತಂತ್ರಾಂಶಗಳು ಹೆಚ್ಚು ಜನ ಕೇಳಿದ್ದನ್ನು ಮೇಲಕ್ಕೆ ತರುತ್ತವೆ; 'ಹಿರೋಡೆ' ಅಲ್ಲಿ ತಳದಲ್ಲೇ ಉಳಿದೀತು. ಪಾಂಡವಪುರಕ್ಕೆ ಹೋದಾಗ ಹಿರಿಯರೊಬ್ಬರನ್ನು ಕೇಳಿ ನೋಡಿ.