ಬೇಟೆಯ ಲೆಕ್ಕ ಬರೆದ ಕಲ್ಲು

ರಾಜಸ್ಥಾನದ ಭರತಪುರದಲ್ಲಿ, ಕೇವಲಾದೇವ ಗುಡಿಯ ಹತ್ತಿರ ಬರಹ ಕೆತ್ತಿದ ಕಲ್ಲಿದೆ. ನಮ್ಮ ಊರುಗಳಲ್ಲಿ ವೀರಗಲ್ಲು ಇರ್ತಾವಲ್ಲ, ಹಂಗೇ ಅಂತ ತಿಳೀಬೇಡಿ. ಯಾವ ದಿನ, ಯಾವ ದೊರೆಯ ಗೌರವಕ್ಕೆ, ಎಷ್ಟು ಕೋವಿ, ಎಷ್ಟು ಹಕ್ಕಿ ಬಿದ್ದವು ಅನ್ನೋ ಲೆಕ್ಕ ಅದರ ಮೇಲಿದೆ.

1902ರಲ್ಲಿ ವೈಸರಾಯ್ ಕರ್ಜನ್ನನ ಗೌರವಕ್ಕೆ ನಡೆದ ಬೇಟೆ ಅದರಲ್ಲಿದೆ. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನಕ್ಕೆ 4,273 ಹಕ್ಕಿ. ಸೈಬೀರಿಯಾದಿಂದ, ಮಧ್ಯ ಏಷ್ಯಾದಿಂದ ಚಳಿಗಾಲ ಕಳೆಯಲು ಬರುವ ಬಾತುಗಳ ತಾಣ ಅದು. ಕೋವಿ ಹಿಡಿದವರ ಲೆಕ್ಕ ಕಲ್ಲಲ್ಲಿದೆ. ಕೆಸರಿಗಿಳಿದು ಸತ್ತ ಹಕ್ಕಿ ಹೆಕ್ಕಿ ತಂದವರ ಹೆಸರು? ಅದಕ್ಕೆ ಕಲ್ಲು ಸಾಲದಾಯಿತು.

ಇನ್ನೊಂದು ಚರಿತ್ರೆ ಕೇಳಿ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತವು, ಜನರೂ ಸತ್ತರು. ರೋಗದ ಉಣ್ಣೆಗಳನ್ನು ರಷ್ಯಾ ಕಡೆಯ ಹಕ್ಕಿಗಳು ಹೊತ್ತು ತಂದವೇನೋ ಅಂತ ಅನುಮಾನ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಲಸೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡತೊಡಗಿತು. ರೆಕ್ಕೆ ಮುರಿಯದಂತೆ ಹಿಡಿಯೋದು ಕೋವಿಯವರಿಗೆ ಬರ್ತದಾ? ಬಿಹಾರದ ಮೀರ್‌ಶಿಕಾರ್‌ಗಳು ಬೇಕಾದರು. ತಲೆಮಾರುಗಳಿಂದ ಬಲೆ, ಉರುಲು ಹಾಕಿ ಬದುಕಿದವರು. ಹಕ್ಕಿಯ ದಾರಿ ವಿಜ್ಞಾನಕ್ಕೆ ತಿಳಿದದ್ದು ಆ ಕೈಗಳ ವಿದ್ಯೆಯಿಂದ.

ಭರತಪುರ 1956ರಲ್ಲಿ ಪಕ್ಷಿಧಾಮವಾಯಿತು. ಆದರೂ 1972ರವರೆಗೆ ಮಾಜಿ ಮಹಾರಾಜರ ಬೇಟೆಯ ಹಕ್ಕು ಉಳಿದಿತ್ತು! ಆ ವರ್ಷ ವನ್ಯಜೀವಿ ಕಾಯ್ದೆ ಬಂತು. ಅರಮನೆಯವರಿಗೆ ಹೋದದ್ದು ಆಟ. ಬಲೆಯವರಿಗೆ ಹೋದದ್ದು ಅನ್ನ.

1982ರಲ್ಲಿ ಅಲ್ಲೇ ದನ ಎಮ್ಮೆ ಮೇಯಿಸೋದನ್ನೂ ನಿಲ್ಲಿಸಿದರು. ಎದುರಿಸಿದ ಹಳ್ಳಿಯವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹೆಣಗಳು ಬಿದ್ದವು. ಆಮೇಲೆ ಏನಾಯ್ತು? ಎಮ್ಮೆ ಮೇಯದೆ ಹುಲ್ಲು ಬೆಳೆದು ನೀರನ್ನು ಮುಚ್ಚಿತು, ಹಕ್ಕಿಗಳಿಗೇ ತೊಂದರೆಯಾಯ್ತು. ಅದೇ ಸೊಸೈಟಿಯ ಅಧ್ಯಯನವೇ ಇದನ್ನು ಹೇಳಿತು. ಎಮ್ಮೆ ಕಾಯುವವನನ್ನು ಮೊದಲೇ ಕೇಳಿದ್ದರೆ?

ಹಕ್ಕಿ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಬಲೆ ಹಾಕಿ ಮಾರುವ ದಂಧೆಯನ್ನು ನಾನು ಹೊಗಳುತ್ತಿಲ್ಲ. ಆದರೆ ನಮ್ಮ ತಾತ ಕೆರೆಯಂಗಳದಲ್ಲಿ ಉರುಲು ಹಾಕಿ ಎರಡು ಹಕ್ಕಿ ತಂದರೆ ಮನೆಗೆ ಒಂದೊತ್ತಿನ ಸಾರು. ಅಷ್ಟಕ್ಕೇ ಅವನು ಊರಿಗೆಲ್ಲ ಕಳ್ಳ. ಒಂದು ದಿನಕ್ಕೆ 4,273 ಕೊಂದವರು ಇವತ್ತಿಗೂ ಪುಸ್ತಕದಲ್ಲಿ ಅತಿಥಿಗಳು.

ಮೇಷ್ಟ್ರೇ, ಮಕ್ಕಳನ್ನು ಪಕ್ಷಿಧಾಮಕ್ಕೆ ಕರೆದುಕೊಂಡು ಹೋದಾಗ ಹಕ್ಕಿಯ ಹೆಸರು ಹೇಳಿಕೊಡಿ. ಜೊತೆಗೆ, ಆ ಹಕ್ಕಿಯನ್ನು ಕೊಂದವರು ಯಾರು, ಜೀವಂತ ಹಿಡಿದು ಅದರ ದಾರಿ ತೋರಿಸಿದವರು ಯಾರು, ಅದನ್ನೂ ಹೇಳಿ.