ಬೆಲ್‌ಫಾಸ್ಟ್ ನಗರವೂ ಪರದೇಶದ ವಿದ್ಯಾರ್ಥಿಯೂ

ಮಗನೋ ಮಗಳೋ ಓದಿಗಾಗಿ ಪರದೇಶಕ್ಕೆ ಹೊರಟಾಗ ಮನೆಯ ಹಿರಿಯರು ಮೊದಲು ಕೇಳುವುದು ಖರ್ಚಿನ ಮಾತು. ಆಮೇಲೆ ಊಟದ ಮಾತು. ಕೊನೆಗೆ ‘ಆ ಊರು ಹೇಗೆ?’ ಎಂಬ ಮಾತು. ಹೊರಟಿರುವುದು ಉತ್ತರ ಐರ್ಲೆಂಡಿನ ರಾಜಧಾನಿಯಾದ ಬೆಲ್‌ಫಾಸ್ಟಿಗೆ ಎಂದಾದರೆ ಈ ಕೊನೆಯ ಮಾತೇ ಮೊದಲಿಗೆ ಬರುತ್ತದೆ. ಮೂವತ್ತು ವರ್ಷಗಳ ಕಾಲ ಬಾಂಬು, ಬಂದೂಕು, ಬೀದಿಕಾಳಗಗಳ ಸುದ್ದಿಯೊಡನೆಯೇ ನಮ್ಮವರು ಆ ಹೆಸರನ್ನು ಕೇಳಿದ್ದಾರೆ. ಅಲ್ಲಿ ಕ್ಯಾಥೋಲಿಕರಿಗೂ ಪ್ರಾಟೆಸ್ಟೆಂಟರಿಗೂ ಜಗಳ ಎಂಬಷ್ಟು ಎಲ್ಲರಿಗೂ ಗೊತ್ತು. ಆದರೆ ಒಂದೇ ಕ್ರಿಸ್ತನನ್ನು ನಂಬಿದ ಎರಡು ಪಂಗಡಗಳು ಏಕೆ ಹೀಗೆ ಬೇರೆಯಾದುವು, ಆ ಭೇದ ಬೀದಿ ಬೀದಿಗೂ ಹೇಗೆ ಇಳಿಯಿತು, ಎರಡರಲ್ಲಿ ಯಾವುದಕ್ಕೂ ಸೇರದ ನಮ್ಮ ಹುಡುಗ ಹುಡುಗಿಯರಿಗೆ ಅದರಿಂದ ಆಗುವುದೇನು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಈ ಪ್ರಶ್ನೆಗೆ ಉತ್ತರವನ್ನು ಆ ಊರಿನ ಚರಿತ್ರೆಯಲ್ಲಿಯೇ ಹುಡುಕಬೇಕು.

ಬೆಲ್‌ಫಾಸ್ಟ್ ಬಹು ಪುರಾತನ ನಗರವೇನೂ ಅಲ್ಲ. ಐರಿಷ್ ಭಾಷೆಯ ಅದರ ಹೆಸರಿಗೆ ಫಾರ್ಸೆಟ್ ಹೊಳೆಯ ಮುಖ ಎಂಬರ್ಥ. ಆ ಹೊಳೆ ಈಗ ಪೇಟೆಯ ನೆಲದಡಿಯಲ್ಲಿ ಹರಿಯುತ್ತದೆ. 1609ರಿಂದ ಮುಂದೆ ಇಂಗ್ಲೆಂಡಿನ ದೊರೆ ಅಲ್‌ಸ್ಟರ್ ಪ್ರಾಂತದ ಕ್ಯಾಥೋಲಿಕರ ಭೂಮಿಯನ್ನು ಕಿತ್ತುಕೊಂಡು, ಇಂಗ್ಲೆಂಡು ಸ್ಕಾಟ್ಲೆಂಡುಗಳಿಂದ ಬಂದ ಪ್ರಾಟೆಸ್ಟೆಂಟರಿಗೆ ಹಂಚಿಸಿದನು. 1613ರಲ್ಲಿ ಬೆಲ್‌ಫಾಸ್ಟಿಗೆ ಪುರಸಭೆಯ ಸನದು ದೊರೆಯಿತು. ಆದುದರಿಂದ ಈ ಜಗಳ ಮೊದಲಿನಿಂದಲೂ ಪೂಜಾವಿಧಾನದ ಜಗಳ ಮಾತ್ರವಾಗಿರಲಿಲ್ಲ. ನೆಲ ಯಾರದು, ಆಳುವವರು ಯಾರು ಎಂಬುದೇ ಅದರ ಬೇರು. 1690ರಲ್ಲಿ ಬಾಯ್ನ್ ನದಿಯ ದಂಡೆಯ ಮೇಲೆ ಪ್ರಾಟೆಸ್ಟೆಂಟ್ ದೊರೆ ವಿಲಿಯಂ, ಕ್ಯಾಥೋಲಿಕ್ ದೊರೆ ಜೇಮ್ಸನನ್ನು ಸೋಲಿಸಿದನು. ಆ ಗೆಲುವಿನ ನೆನಪಿಗೆ 1795ರಲ್ಲಿ ಹುಟ್ಟಿದ ಆರೆಂಜ್ ಸಂಘದವರು ಇಂದಿಗೂ ಪ್ರತಿವರ್ಷ ಜುಲೈ 12ರಂದು ವಾದ್ಯ ಬಾವುಟಗಳೊಡನೆ ಮೆರವಣಿಗೆ ಹೊರಡುತ್ತಾರೆ. ಹಿಂದಿನ ರಾತ್ರಿ ಬಡಾವಣೆ ಬಡಾವಣೆಗಳಲ್ಲಿ ಬೆಂಕಿಯ ರಾಶಿಗಳು ಉರಿಯುತ್ತವೆ. ಒಬ್ಬರಿಗೆ ಅದು ಹಬ್ಬ. ಇನ್ನೊಬ್ಬರಿಗೆ ಸೋಲನ್ನು ವರ್ಷವರ್ಷವೂ ನೆನಪಿಸುವ ದಿನ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಊರು ಬೆಳೆದ ವೇಗ ಅಸಾಧಾರಣವಾದುದು. 1801ರ ಸುಮಾರಿಗೆ ಇಪ್ಪತ್ತು ಸಾವಿರದಷ್ಟಿದ್ದ ಜನಸಂಖ್ಯೆ 1901ರ ಹೊತ್ತಿಗೆ ಮೂರೂವರೆ ಲಕ್ಷದ ಹತ್ತಿರಕ್ಕೆ ಬಂತು. ನಾರುಬಟ್ಟೆಯ ಗಿರಣಿಗಳೂ ಹಡಗು ಕಟ್ಟುವ ಕಾರ್ಖಾನೆಗಳೂ ಅದಕ್ಕೆ ಕಾರಣ. 1911ರಲ್ಲಿ ನೀರಿಗಿಳಿದ ಟೈಟಾನಿಕ್ ಹಡಗು ಅಲ್ಲಿಯದೇ. ಕೂಲಿ ಹುಡುಕಿಕೊಂಡು ಹಳ್ಳಿಗಳಿಂದ ಕ್ಯಾಥೋಲಿಕರೂ ಬಂದರು. 1861ರ ಹೊತ್ತಿಗೆ ಅವರು ಊರಿನ ಮೂರನೆಯ ಒಂದು ಪಾಲಿನಷ್ಟಿದ್ದರು. ಪಶ್ಚಿಮ ಭಾಗದಲ್ಲಿ ಅಕ್ಕಪಕ್ಕದಲ್ಲಿಯೇ ಸಾಗುವ ಎರಡು ರಸ್ತೆಗಳಲ್ಲಿ ಫಾಲ್ಸ್ ರಸ್ತೆ ಕ್ಯಾಥೋಲಿಕರದಾಯಿತು, ಶಾಂಕಿಲ್ ರಸ್ತೆ ಪ್ರಾಟೆಸ್ಟೆಂಟರದಾಯಿತು. 1857, 1864, 1872, 1886ರಲ್ಲಿ ದೊಡ್ಡ ದೊಂಬಿಗಳಾದುವು. 1886ರದರಲ್ಲಿ ಮೂವತ್ತಕ್ಕೂ ಮಿಕ್ಕು ಜನ ಸತ್ತರು. ಪ್ರತಿ ದೊಂಬಿಯ ಹಿಂದೆಯೂ ಒಂದೇ ಬಗೆಯ ಸಂಗತಿ ನಡೆಯುತ್ತಿತ್ತು: ಬೆರೆತು ಬಾಳುತ್ತಿದ್ದ ಬೀದಿಗಳಲ್ಲಿ ಕಡಿಮೆ ಸಂಖ್ಯೆಯವರು ಗಂಟುಮೂಟೆ ಕಟ್ಟಿಕೊಂಡು ತಮ್ಮವರಿರುವ ಕಡೆಗೆ ಹೋಗಿಬಿಡುತ್ತಿದ್ದರು. ಜೀವಭಯದಿಂದ ಮಾಡಿದ ಈ ವಲಸೆಗಳೇ ಕ್ರಮೇಣ ಊರಿನ ನಕ್ಷೆಯನ್ನು ಬರೆದುವು. ಇದನ್ನು ನೀವು ನೆನಪಿನಲ್ಲಿಡಬೇಕು. ಬೆಲ್‌ಫಾಸ್ಟಿನಲ್ಲಿ ಸುರಕ್ಷಿತವಾದ ಬೀದಿ ಯಾವುದು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಗಳ ವಯಸ್ಸಾಗಿದೆ.

ಇಂತಹ ಊರಿನಲ್ಲಿ ಒಂದು ವಿದ್ಯಾಸಂಸ್ಥೆಯನ್ನು ಕಟ್ಟುವಾಗ ಅದು ಯಾರದಾಗಬೇಕು? 1845ರಲ್ಲಿ ಬ್ರಿಟಿಷ್ ಸರ್ಕಾರ ಬೆಲ್‌ಫಾಸ್ಟ್, ಕಾರ್ಕ್, ಗಾಲ್‌ವೇ ಊರುಗಳಲ್ಲಿ ಮೂರು ಕ್ವೀನ್ಸ್ ಕಾಲೇಜುಗಳನ್ನು ಸ್ಥಾಪಿಸಿ, ಎಲ್ಲ ಪಂಗಡದವರೂ ಒಟ್ಟಿಗೆ ಓದಲಿ ಎಂದು ಅವುಗಳನ್ನು ಯಾವ ಮತಕ್ಕೂ ಸೇರಿಸದೆ ಬಿಟ್ಟಿತು. ದೇವರಿಲ್ಲದ ಕಾಲೇಜುಗಳೆಂದು ಅವುಗಳನ್ನು ಹಳಿದವರುಂಟು. 1850ರಲ್ಲಿ ಥರ್ಲ್ಸ್ ಊರಿನಲ್ಲಿ ಸೇರಿದ ಕ್ಯಾಥೋಲಿಕ್ ಧರ್ಮಗುರುಗಳ ಸಭೆ ಅವುಗಳನ್ನು ಖಂಡಿಸಿತು. ಆದರೂ 1849ರಲ್ಲಿ ಬಾಗಿಲು ತೆರೆದ ಬೆಲ್‌ಫಾಸ್ಟಿನ ಕಾಲೇಜು ಉಳಿಯಿತು. 1908ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಚಾರ್ಲ್ಸ್ ಲ್ಯಾನ್ಯನ್ ಎಂಬ ವಾಸ್ತುಶಿಲ್ಪಿ ನಿರ್ಮಿಸಿದ ಕೆಂಪಿಟ್ಟಿಗೆಯ ಅದರ ಮುಖ್ಯ ಭವನ ಊರಿನ ದಕ್ಷಿಣಕ್ಕಿದೆ. ವಿದ್ಯಾರ್ಥಿಗಳು ಹೆಚ್ಚಾಗಿ ಬಾಡಿಗೆಗೆ ಹಿಡಿಯುವ ಅಲ್ಲಿನ ಕೇರಿಗೆ ‘ಪವಿತ್ರ ಭೂಮಿ’ ಎಂಬ ಅರ್ಥದ ಹೆಸರುಂಟು; ಜೆರೂಸಲೆಂ, ಡಮಾಸ್ಕಸ್, ಕೈರೋ ಎಂದು ಅದರ ಬೀದಿಗಳ ಹೆಸರು.

1921ರಲ್ಲಿ ಐರ್ಲೆಂಡು ಎರಡಾಯಿತು. ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಡನೆ ಉಳಿದುವು. ಪ್ರಾಟೆಸ್ಟೆಂಟರ ಬಹುಮತದ ಸರ್ಕಾರ ಅಲ್ಲಿ ಅರ್ಧ ಶತಮಾನ ಆಳಿತು. ಪುರಸಭೆಯ ಚುನಾವಣೆಯಲ್ಲಿ ಕಂದಾಯ ಕೊಡುವವರಿಗೆ ಮಾತ್ರ ಮತ. ಸರ್ಕಾರಿ ಮನೆಗಳ ಹಂಚಿಕೆಯಲ್ಲಿಯೂ ನೌಕರಿಯಲ್ಲಿಯೂ ಪಕ್ಷಪಾತ. 1947ರ ಶಿಕ್ಷಣ ಕಾಯಿದೆಯಿಂದಾಗಿ ಬಡ ಕ್ಯಾಥೋಲಿಕ್ ಮನೆಗಳ ಮಕ್ಕಳೂ ಕ್ವೀನ್ಸ್ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದರು. ಮುಂದೆ 1995ರಲ್ಲಿ ನೊಬೆಲ್ ಬಹುಮಾನ ಪಡೆದ ಕವಿ ಷೇಮಸ್ ಹೀನಿ ಆ ಪೀಳಿಗೆಯವರೇ. ಹೀಗೆ ಓದಿದವರು ಅನ್ಯಾಯವನ್ನು ಪ್ರಶ್ನಿಸತೊಡಗಿದರು. 1968ರ ಅಕ್ಟೋಬರಿನಲ್ಲಿ ಡೆರಿ ನಗರದ ಹಕ್ಕುಗಳ ಮೆರವಣಿಗೆಯನ್ನು ಪೋಲೀಸರು ಲಾಠಿಯಿಂದ ಚದುರಿಸಿದ ಕೆಲವೇ ದಿನಗಳಲ್ಲಿ ಕ್ವೀನ್ಸ್ ವಿದ್ಯಾರ್ಥಿಗಳು ‘ಪೀಪಲ್ಸ್ ಡೆಮಾಕ್ರಸಿ’ ಎಂಬ ಸಂಘ ಕಟ್ಟಿದರು. 1969ರ ಜನವರಿ 1ರಂದು ಅವರು ಬೆಲ್‌ಫಾಸ್ಟಿನಿಂದ ಡೆರಿಗೆ ಕಾಲ್ನಡಿಗೆಯಲ್ಲಿ ಹೊರಟರು. ನಾಲ್ಕನೆಯ ದಿನ ಬರ್ನ್‌ಟಾಲೆಟ್ ಸೇತುವೆಯ ಬಳಿ ವಿರೋಧಿಗಳ ಗುಂಪು ಕಲ್ಲು ದೊಣ್ಣೆಗಳಿಂದ ಅವರ ಮೇಲೆ ಬಿತ್ತು. ಜೊತೆಯಲ್ಲಿದ್ದ ಪೋಲೀಸರು ಅವರನ್ನು ಕಾಪಾಡಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ ಬರ್ನಡೆಟ್ ಡೆವ್ಲಿನ್ ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದರು.

ಆಗಸ್ಟಿನಲ್ಲಿ ಬೆಂಕಿ ಬೆಲ್‌ಫಾಸ್ಟಿಗೂ ಹತ್ತಿತು. ಫಾಲ್ಸ್ ರಸ್ತೆಗೆ ಸೇರಿದಂತೆ ನಮಗೆ ಪರಿಚಿತವಾದ ಹೆಸರಿನ ಬೀದಿಗಳಿವೆ: ಕಾಶ್ಮೀರ್ ರಸ್ತೆ, ಬಾಂಬೆ ಬೀದಿ. ಸಾಮ್ರಾಜ್ಯದ ಕಾಲದಲ್ಲಿ ಇಟ್ಟ ಹೆಸರುಗಳು. 1969ರ ಆಗಸ್ಟ್ 15ರಂದು ಆ ಬಾಂಬೆ ಬೀದಿಯ ಕ್ಯಾಥೋಲಿಕರ ಮನೆಗಳನ್ನು ಗುಂಪು ಸುಟ್ಟುಹಾಕಿತು. ಆ ಬೇಸಗೆಯಲ್ಲಿ ಮನೆ ಬಿಟ್ಟು ಓಡಿದ ಕುಟುಂಬಗಳು 1,800ಕ್ಕೂ ಮಿಕ್ಕು. ಅವುಗಳಲ್ಲಿ ಹೆಚ್ಚಿನವು ಕ್ಯಾಥೋಲಿಕರವು. ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಫಾಲ್ಸ್ ಶಾಂಕಿಲ್‌ಗಳ ನಡುವೆ ತಂತಿ ಬೇಲಿ ಹಾಕಿತು. ಕೆಲವು ವಾರಗಳ ಮಾತು ಎಂದುಕೊಂಡದ್ದು ತಗಡಿನ ಬೇಲಿಯಾಗಿ, ಆಮೇಲೆ ಕಾಂಕ್ರೀಟಿನ ಎತ್ತರದ ಗೋಡೆಯಾಯಿತು. ‘ಶಾಂತಿಯ ಗೆರೆ’ ಎಂದು ಅದರ ಹೆಸರು. ಇಂತಹವು ಊರಿನ ಬೇರೆ ಭಾಗಗಳಲ್ಲಿಯೂ ಎದ್ದುವು. 2013ರಲ್ಲಿ ಅಲ್ಲಿನ ಸರ್ಕಾರ ಹತ್ತು ವರ್ಷಗಳೊಳಗೆ ಇವನ್ನೆಲ್ಲ ತೆಗೆಯುವುದಾಗಿ ಹೇಳಿತು. 2023 ಕಳೆಯಿತು, ಬಹುಪಾಲು ಗೋಡೆಗಳು ನಿಂತೇ ಇದ್ದುವು. ಗೋಡೆಯ ಬುಡದಲ್ಲಿಯೇ ವಾಸಿಸುವವರಲ್ಲಿ ಅನೇಕರು ಅದು ಇನ್ನೂ ಸ್ವಲ್ಪ ಕಾಲ ಇರಲಿ ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ, ಅವರ ಮನೆಯ ಕಿಟಕಿಗೆ ಬಿದ್ದ ಕಲ್ಲನ್ನು ನಾವು ಕಂಡಿಲ್ಲ.

ಮುಂದಿನ ಮೂವತ್ತು ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1972ರ ಜುಲೈ 21ರಂದು ಬೆಲ್‌ಫಾಸ್ಟ್ ಒಂದರಲ್ಲಿಯೇ ಇಪ್ಪತ್ತರಷ್ಟು ಬಾಂಬುಗಳು ಸಿಡಿದು ಒಂಬತ್ತು ಜನ ಮಡಿದರು. ಪೇಟೆಯ ಸುತ್ತ ಕಬ್ಬಿಣದ ಗೇಟುಗಳನ್ನಿಟ್ಟು, ಒಳಗೆ ಹೋಗುವವರ ಚೀಲಗಳನ್ನು ತಪಾಸಣೆ ಮಾಡುತ್ತಿದ್ದರು. ವಿಶ್ವವಿದ್ಯಾನಿಲಯದ ಸುತ್ತಲ ಭಾಗ ಉಳಿದ ಕಡೆಗಿಂತ ಶಾಂತವಾಗಿತ್ತೆಂಬುದು ನಿಜ. ಆದರೆ 1983ರ ಡಿಸೆಂಬರ್ 7ರಂದು ಕಾನೂನು ಉಪನ್ಯಾಸಕರೂ ಯೂನಿಯನಿಸ್ಟ್ ರಾಜಕಾರಣಿಯೂ ಆಗಿದ್ದ ಎಡ್ಗರ್ ಗ್ರಹಾಂ ಅವರನ್ನು ಕ್ವೀನ್ಸ್ ಆವರಣದಲ್ಲಿಯೇ ಗುಂಡಿಟ್ಟು ಕೊಂದರು. ವಿದ್ಯೆಯ ಅಂಗಳಕ್ಕೆಂದು ಬೇರೆ ರಕ್ಷೆ ಇರಲಿಲ್ಲ.

ಇಂತಹ ಕಾಲದಲ್ಲಿ ಜನ ಒಬ್ಬರನ್ನೊಬ್ಬರು ಗುರುತಿಸುವ ಒಂದು ವಿದ್ಯೆಯನ್ನೇ ಬೆಳೆಸಿಕೊಂಡರು. ಎರಡೂ ಪಂಗಡದವರ ಮೈಬಣ್ಣ ಒಂದೇ, ಉಡುಪು ಒಂದೇ, ಭಾಷೆಯೂ ಒಂದೇ. ಆದುದರಿಂದ ಹೆಸರೇನು, ಓದಿದ ಶಾಲೆ ಯಾವುದು, ಇರುವ ಬೀದಿ ಯಾವುದು ಎಂಬ ಸಣ್ಣ ಪ್ರಶ್ನೆಗಳಿಂದಲೇ ಮತವನ್ನು ಊಹಿಸುತ್ತಿದ್ದರು. ಒಂದೇ ನಗರವನ್ನು ಕ್ಯಾಥೋಲಿಕರು ಡೆರಿ ಎಂದರೆ ಪ್ರಾಟೆಸ್ಟೆಂಟರು ಲಂಡನ್‌ಡೆರಿ ಎನ್ನುತ್ತಾರೆ. ಇಂಗ್ಲಿಷಿನ ಎಂಟನೆಯ ಅಕ್ಷರವನ್ನು ‘ಏಚ್’ ಎಂದವನು ಪ್ರಾಟೆಸ್ಟೆಂಟ್, ‘ಹೇಚ್’ ಎಂದವನು ಕ್ಯಾಥೋಲಿಕ್ ಎಂದು ಎಣಿಕೆ. ಅಕಾರ ಹಕಾರಗಳ ವ್ಯತ್ಯಾಸಕ್ಕೆ ನಮ್ಮಲ್ಲಿ ನಗೆಯಾಡುತ್ತಾರೆ. ಅಲ್ಲಿ ಅಪರಾತ್ರಿಯಲ್ಲಿ ತಪ್ಪಾದ ಕೇರಿಯಲ್ಲಿ ಅದು ನಗೆಯ ವಿಷಯವಾಗಿರಲಿಲ್ಲ. ಪಾದಚಾರಿ ಹಾದಿಯ ಅಂಚುಗಲ್ಲುಗಳಿಗೆ ಬಳಿದ ಬಣ್ಣ, ಕಂಬದ ಮೇಲಿನ ಬಾವುಟ, ಹುಡುಗ ತೊಟ್ಟ ಫುಟ್‌ಬಾಲ್ ಅಂಗಿ, ಇವೂ ಈ ವರ್ಣಮಾಲೆಯ ಅಕ್ಷರಗಳೇ. ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡದ ಅಂಗಿ ಒಂದು ಪಂಗಡದ ಗುರುತು, ರೇಂಜರ್ಸ್ ತಂಡದ್ದು ಇನ್ನೊಂದರ ಗುರುತು.

ಇನ್ನು ನಮ್ಮವರ ಮಾತು. ಭಾರತಕ್ಕೂ ಆ ಊರಿಗೂ ನಂಟು ಹೊಸದಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿಯ ಚಿಕ್ಕ ಗಡಿಯಾರವನ್ನು ನೀವು ನೋಡಿರಬಹುದು. ಅದು ವೈಸ್‌ರಾಯ್ ಡಫರಿನ್ನರ ಹೆಸರಿನದು. ಆ ಡಫರಿನ್ನರ ಜಮೀನುದಾರಿ ಬೆಲ್‌ಫಾಸ್ಟಿಗೆ ಸಮೀಪದ ಕ್ಲಾಂಡೆಬಾಯ್‌ನಲ್ಲಿತ್ತು. ಬೆಲ್‌ಫಾಸ್ಟಿನ ಪುರಭವನದ ಆವರಣದಲ್ಲಿರುವ ಅವರ ಸ್ಮಾರಕದಲ್ಲಿ ಭಾರತೀಯ ಯೋಧನೊಬ್ಬನ ಪ್ರತಿಮೆಯೂ ಇದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿಯೇ ಪಂಜಾಬಿನ ಬಟ್ಟೆ ವ್ಯಾಪಾರಿಗಳು ಆ ಪ್ರಾಂತದಲ್ಲಿ ಮನೆಮನೆಗೆ ಹೋಗಿ ಮಾರುತ್ತಿದ್ದರು. ಕ್ಲಿಫ್ಟನ್ ಬೀದಿಯಲ್ಲಿ, ಹಿಂದೆ ಮೆಥಡಿಸ್ಟ್ ಚರ್ಚಿಗೆ ಸೇರಿದ್ದ ಕಟ್ಟಡದಲ್ಲಿ, ಭಾರತೀಯರ ಸಮುದಾಯ ಕೇಂದ್ರವೂ ದೇವಾಲಯವೂ ಇವೆ. ‘ನಾನು ಹಿಂದೂ’ ಎಂದವನನ್ನು ‘ಸರಿ, ಕ್ಯಾಥೋಲಿಕ್ ಹಿಂದೂವೋ ಪ್ರಾಟೆಸ್ಟೆಂಟ್ ಹಿಂದೂವೋ?’ ಎಂದು ಕೇಳಿದರೆಂಬುದು ಆ ಊರಿನ ಹಳೆಯ ಹಾಸ್ಯ. ಈ ಹಾಸ್ಯದೊಳಗೆ ಒಂದು ಧೈರ್ಯವೂ ಅಡಗಿತ್ತು. ಜಗಳ ಇಬ್ಬರದು, ಮೂರನೆಯವನು ಲೆಕ್ಕಕ್ಕಿಲ್ಲದವನು. ಲೆಕ್ಕಕ್ಕಿಲ್ಲದವನ ಗೋಜಿಗೆ ಹೆಚ್ಚಾಗಿ ಯಾರೂ ಹೋಗುತ್ತಿರಲಿಲ್ಲ.

1998ರ ಏಪ್ರಿಲ್ 10ರಂದು ಶಾಂತಿ ಒಪ್ಪಂದವಾಯಿತು. ಮೇ ತಿಂಗಳ ಜನಮತ ಸಂಗ್ರಹದಲ್ಲಿ ನೂರಕ್ಕೆ ಎಪ್ಪತ್ತೊಂದು ಜನ ಅದನ್ನು ಒಪ್ಪಿದರು. ಬಾಂಬುಗಳ ಕಾಲ ಮುಗಿಯಿತೆನ್ನಬಹುದು. ಪೇಟೆಯ ಗೇಟುಗಳು ಹೋದುವು. ಯಾತ್ರಿಕರೂ ಪರದೇಶದ ವಿದ್ಯಾರ್ಥಿಗಳೂ ಬಂದರು. ಆದರೆ ಇಲ್ಲಿಯೇ ಚರಿತ್ರೆ ಒಂದು ತಿರುವು ತೆಗೆದುಕೊಂಡಿತು. ಹೊರಗಿನವರು ಕಡಿಮೆ ಇದ್ದಾಗ ಕಾಣದಿದ್ದ ದ್ವೇಷ, ಅವರು ಹೆಚ್ಚಾಗಿ ಬಂದು ಅಗ್ಗದ ಮನೆಗಳನ್ನು ಹುಡುಕತೊಡಗಿದಾಗ ಕಾಣಿಸಿಕೊಂಡಿತು. ಬೀದಿ ‘ನಮ್ಮದು’ ಎಂದು ಕಾಯುವ ಹಳೆಯ ಅಭ್ಯಾಸ ಹೊಸಬರ ಕಡೆಗೂ ತಿರುಗಿತು. 2009ರ ಜೂನಿನಲ್ಲಿ ರುಮೇನಿಯದ ನೂರಕ್ಕೂ ಮಿಕ್ಕ ಜನ ದಕ್ಷಿಣ ಬೆಲ್‌ಫಾಸ್ಟಿನ ತಮ್ಮ ಮನೆಗಳನ್ನು ಬಿಟ್ಟು ಚರ್ಚೊಂದರ ಸಭಾಂಗಣದಲ್ಲಿ ಆಶ್ರಯ ಪಡೆಯಬೇಕಾಯಿತು. 2024ರ ಆಗಸ್ಟ್ 3ರಂದು ವಲಸಿಗರ ವಿರುದ್ಧ ಎದ್ದ ಗುಂಪು, ವಿದ್ಯಾರ್ಥಿಗಳು ಓಡಾಡುವ ಬೊಟ್ಯಾನಿಕ್ ಬೀದಿಯ ಅಂಗಡಿಗಳ ಮೇಲೆ ದಾಳಿ ಮಾಡಿತು. ಸಮೀಪದ ರಸ್ತೆಯಲ್ಲಿ ಅಂಗಡಿಗೆ ಬೆಂಕಿಯಿಟ್ಟಿತು. ಒಂದು ವಾರದೊಳಗೆ ಸಾವಿರಾರು ಜನ ಅದೇ ನಗರದಲ್ಲಿ ಸೇರಿ ಈ ಕೃತ್ಯವನ್ನು ಖಂಡಿಸಿ ಮೆರವಣಿಗೆ ನಡೆಸಿದರೆಂಬುದನ್ನೂ ಹೇಳಬೇಕು. ಎರಡೂ ನಿಜ.

ಹಾಗಾದರೆ ಮಕ್ಕಳನ್ನು ಕಳುಹಿಸಬಹುದೇ? ಕಳುಹಿಸಬಹುದು, ಆದರೆ ತಿಳಿದು ಕಳುಹಿಸಬೇಕು. ಬೆಲ್‌ಫಾಸ್ಟಿನ ಚರಿತ್ರೆ ಕಲಿಸುವ ಮೊದಲ ಪಾಠ, ಊರು ಸುರಕ್ಷಿತವೇ ಎಂದು ಕೇಳಬಾರದು, ಬೀದಿ ಯಾವುದು ಎಂದು ಕೇಳಬೇಕು ಎಂಬುದು. ಮೊದಲ ವರ್ಷ ವಿಶ್ವವಿದ್ಯಾನಿಲಯದ ವಸತಿಗೃಹದಲ್ಲಿಯೇ ಇರುವುದು ಲೇಸು. ಆಮೇಲೆ ಮನೆ ಹಿಡಿಯುವಾಗ ಬಾಡಿಗೆ ಅಗ್ಗವೆಂದು ದೂರದಿಂದಲೇ ಒಪ್ಪಿಕೊಳ್ಳದೆ, ಅಲ್ಲಿ ಈಗಾಗಲೇ ಇರುವ ನಮ್ಮ ವಿದ್ಯಾರ್ಥಿಗಳನ್ನು ವಿಚಾರಿಸಿ, ಹಗಲೂ ರಾತ್ರಿಯೂ ಒಮ್ಮೊಮ್ಮೆ ಆ ಬೀದಿಯಲ್ಲಿ ನಡೆದು ನೋಡಬೇಕು. ಫುಟ್‌ಬಾಲ್ ಅಂಗಿಯನ್ನು ಬರಿಯ ಅಂದಕ್ಕಾಗಿ ತೊಡಬಾರದು. ಜುಲೈ 11, 12ರಂದು ಮೆರವಣಿಗೆಯ ಹಾದಿ ಯಾವುದೆಂದು ಮುಂದಾಗಿ ತಿಳಿದಿರಬೇಕು. ಸ್ನೇಹಿತರ ನಡುವೆ ‘ನೀನು ಯಾವ ಕಡೆ?’ ಎಂದು ತಾನಾಗಿ ಕೇಳಬಾರದು, ಹೇಳಿದರೆ ಕೇಳಿಸಿಕೊಳ್ಳಬೇಕು. ಯಾರಾದರೂ ಬೈದರೆ, ಬಾಗಿಲಿಗೆ ಕಲ್ಲೆಸೆದರೆ, ನಾಚಿ ಮುಚ್ಚಿಡದೆ ವಿಶ್ವವಿದ್ಯಾನಿಲಯಕ್ಕೂ ಪೋಲೀಸರಿಗೂ ತಿಳಿಸಬೇಕು. ತುರ್ತಿಗೆ ಅಲ್ಲಿನ ಪೋಲೀಸರ ದೂರವಾಣಿ ಸಂಖ್ಯೆ 999.

ಇನ್ನೊಂದು ಸಂಗತಿ. 1981ರಲ್ಲಿ ಬೆಲ್‌ಫಾಸ್ಟಿನ ಕೆಲವು ತಂದೆತಾಯಿಗಳು, ಎರಡೂ ಪಂಗಡದ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರಲಿ ಎಂದು ಲ್ಯಾಗನ್ ಕಾಲೇಜ್ ಎಂಬ ಶಾಲೆಯನ್ನು ತೆರೆದರು. ಮೊದಲ ವರ್ಷ ಸೇರಿದವರು 28 ಮಕ್ಕಳು. ಕೊಲೆಗಳು ನಡೆಯುತ್ತಿದ್ದ ಕಾಲದಲ್ಲಿ ಆ ಮನೆಗಳವರು ಮಕ್ಕಳನ್ನು ಅಲ್ಲಿಗೆ ಕಳುಹಿಸಿದರು. ಅಪಾಯವನ್ನು ಅರಿಯದೆ ಕಳುಹಿಸಿದವರಲ್ಲ. ಬೀದಿ ಬೀದಿಯನ್ನೂ ಅರಿತವರು. ಆ ಶಾಲೆ ಇಂದು ದೊಡ್ಡದಾಗಿ ಬೆಳೆದಿದೆ. ಅದರ ಮಾದರಿಯಲ್ಲಿ ಬೇರೆ ಶಾಲೆಗಳೂ ಎದ್ದಿವೆ. ನಿಮ್ಮ ಮನೆಯ ವಿದ್ಯಾರ್ಥಿ ಅಲ್ಲಿಗೆ ಹೋದರೆ, ತರಗತಿಯಲ್ಲಿ ಪಕ್ಕದಲ್ಲಿ ಕೂರುವವರು ಇಂತಹ ಶಾಲೆಯಿಂದ ಬಂದವರೇ ಆಗಿರಬಹುದು.