ಫುನಾಕೋಶಿಯ ವಿದ್ಯಾಭ್ಯಾಸ

ಬರಿಗೈಯಿಂದ ಹೋರಾಡುವ ಕರಾಟೆ ವಿದ್ಯೆಯನ್ನು 1922ರಲ್ಲಿ ಟೋಕಿಯೋ ನಗರದ ಪ್ರದರ್ಶನವೊಂದರಲ್ಲಿ ಜನರ ಮುಂದಿಟ್ಟು, ಜಪಾನಿನಲ್ಲೆಲ್ಲ ಅದು ಬೇರೂರಲು ಕಾರಣನಾದ ಫುನಾಕೋಶಿ ಗಿಚಿನ್ ವೃತ್ತಿಯಿಂದ ಶಾಲಾ ಉಪಾಧ್ಯಾಯನಾಗಿದ್ದನೆಂದರೆ ತಮಗೆ ಆಶ್ಚರ್ಯವಾದೀತು. ಆತನು ಹುಟ್ಟಿದ್ದು 1868ರಲ್ಲಿ, ಒಕಿನಾವಾ ದ್ವೀಪದ ಶೂರಿ ಪಟ್ಟಣದಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು; ಬಹುಕಾಲ ಬದುಕಲಾರದೆಂದೇ ಮನೆಯವರ ಎಣಿಕೆ. ತಾಯಿಯ ತವರಿನಲ್ಲಿ ಬೆಳೆದ ಹುಡುಗನಿಗೆ ತಾತನೇ ಕನ್‌ಫ್ಯೂಷಿಯಸ್ ಪರಂಪರೆಯ ಚೀನೀ ಗ್ರಂಥಗಳನ್ನು ಪಾಠ ಹೇಳಿದನು.

ಶಾಲೆಯ ಜೊತೆಗಾರನೊಬ್ಬನ ತಂದೆ ಅಜಾತೋ ಆಂಕೋ ಕರಾಟೆಯಲ್ಲಿ ನಿಪುಣ. ಆ ಕಾಲಕ್ಕೆ ಇದು ಗುಟ್ಟಿನ ವಿದ್ಯೆ. ಆದ್ದರಿಂದ ಫುನಾಕೋಶಿ ರಾತ್ರಿ ವೇಳೆ ಕೈದೀಪ ಹಿಡಿದು ಗುರುವಿನ ಮನೆಗೆ ಹೋಗಿ ನಸುಕಿನಲ್ಲಿ ಹಿಂತಿರುಗುತ್ತಿದ್ದನು. (ನೆರೆಹೊರೆಯವರು ಇದಕ್ಕೆ ಕಲ್ಪಿಸಿದ ಅರ್ಥವೇ ಬೇರೆ, ಅದು ಇಲ್ಲಿ ಬೇಡ.) ಅಲ್ಲಿ ಅಂಗಳದಲ್ಲಿ ‘ಕಾತಾ’ವನ್ನು, ಎಂದರೆ ಹೊಡೆತ, ತಡೆ, ಹೆಜ್ಜೆಗಳನ್ನು ಗೊತ್ತಾದ ಕ್ರಮದಲ್ಲಿ ಪೋಣಿಸಿದ ಪಾಠವನ್ನು, ಮಾಡಿ ತೋರಿಸಬೇಕು. ಗುರುವು ಜಗಲಿಯ ಮೇಲೆ ನೆಟ್ಟಗೆ ಕುಳಿತು ನೋಡುವನು. ತಪ್ಪಿದರೆ ‘ಇನ್ನೊಮ್ಮೆ’, ಒಪ್ಪಿಗೆಯಾದರೆ ‘ಚೆನ್ನಾಗಿದೆ’. ಆ ಒಂದು ಮಾತು ಬರುವ ತನಕ ತಿಂಗಳುಗಟ್ಟಲೆ ಅದೇ ಪಾಠ. ಮುಂದೆ ತಾನೇ ‘ತೆಕ್ಕಿ’ ಎಂದು ಕರೆದ ಮೂರು ಕಾತಾಗಳಿಗೆ ಹತ್ತು ವರ್ಷ ಹಿಡಿಯಿತು. ಶಬ್ದರೂಪಗಳನ್ನು ಉರುಹೊಡೆದ ನಮ್ಮಂಥವರಿಗೆ ಈ ಕಷ್ಟ ತಿಳಿಯುತ್ತದೆ. ಆದರೆ ಹತ್ತು ವರ್ಷ ‘ರಾಮಃ ರಾಮೌ’ ಎನಿಸಿದ ಗುರುಗಳು ನಮಗಿರಲಿಲ್ಲ!

ಇದಕ್ಕಿಂತ ಕಠಿಣವಾದ ಪರೀಕ್ಷೆ ಮನೆಯಲ್ಲಿ ಕಾದಿತ್ತು. 1879ರಲ್ಲಿ ಒಕಿನಾವಾ ಜಪಾನಿನ ಒಂದು ಪ್ರಾಂತವಾದ ಮೇಲೆ, ಗಂಡಸರು ತಲೆಯ ಜುಟ್ಟನ್ನು ತೆಗೆಸಬೇಕೆಂಬ ಒತ್ತಾಯ ಬಂದಿತು. ಫುನಾಕೋಶಿಯ ಮನೆತನವಾದರೋ ಹಳೆಯ ಸಂಪ್ರದಾಯವನ್ನು ಬಿಡದು. ಟೋಕಿಯೋದ ವೈದ್ಯಶಾಲೆಯ ಪರೀಕ್ಷೆಗೆ 1870ರಿಂದ ಈಚೆಗೆ ಹುಟ್ಟಿದವರೇ ಅರ್ಹರೆಂದು, ತನ್ನ ಜನ್ಮವರ್ಷವನ್ನೇ ತಿದ್ದಿ ಕುಳಿತು ತೇರ್ಗಡೆಯಾದನು. ಆದರೆ ಜುಟ್ಟಿನವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ದಾರಿ ಮುಚ್ಚಿತು. 1888ರಲ್ಲಿ ಸಹಾಯಕ ಉಪಾಧ್ಯಾಯನ ಕೆಲಸಕ್ಕಾಗಿ ಕೊನೆಗೂ ಜುಟ್ಟನ್ನು ಕತ್ತರಿಸಿಕೊಂಡನು. ಮಗನ ತಲೆ ಕಂಡು ತಂದೆ ಕೆರಳಿದನು. ತಾಯಿ ಮುಖ ತಿರುಗಿಸಿ ಹಿತ್ತಲ ಬಾಗಿಲಿನಿಂದ ತವರಿಗೆ ಹೊರಟೇಹೋದಳೆಂದು ಆತನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬಾಹುಬಲವನ್ನು ಹೊಗಳುವವರು ಈ ಸಂಗತಿಯನ್ನು ಮರೆಯುತ್ತಾರೆ. ನನಗೆ ಆತನ ಧೈರ್ಯ ಕಂಡದ್ದು ಇಲ್ಲಿಯೇ.

ಬಳಿಕ ಹಗಲು ಶಾಲೆ, ರಾತ್ರಿ ಅಭ್ಯಾಸ. ಅಜಾತೋವಿನ ಗೆಳೆಯ ಇತೊಸು ಆಂಕೋ ಎಂಬಾತನೂ ಗುರುವಾದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಇತೊಸುವಿನ ಪ್ರಯತ್ನದಿಂದ ಕರಾಟೆ ಒಕಿನಾವಾದ ಶಾಲೆಗಳನ್ನು ಸೇರಿತು. ಗುಟ್ಟಿನ ವಿದ್ಯೆ ಮಕ್ಕಳ ಆಟದ ಬಯಲಿಗೆ ಬಂದಿತು. ಅದನ್ನು ಹೊತ್ತು ಟೋಕಿಯೋಗೆ ಹೊರಟಾಗ ಫುನಾಕೋಶಿಗೆ ಐವತ್ತು ದಾಟಿತ್ತು.